ದಿನಕ್ಕೊಂದೋ, ವಾರಕ್ಕೊಂದೋ? ಔಷಧಿ ಚೀಟಿ ಓದಲು ಕಲಿಯೋಣ

ಅಸರ್ ನಮಾಝ್ ಮುಗಿದು ಮಕ್ಕಳು ಕಿತಾಬು ಕಟ್ಟಿಡುವ ಹೊತ್ತು. ಹನ್ನೊಂದು ವರ್ಷದ ಹುಡುಗನೊಬ್ಬ ಔಷಧಿ ಚೀಟಿ ಹಿಡಿದುಕೊಂಡು ನಮ್ಮ ಮುಂದೆ ನಿಂತ. “ಹಜರತ್, ದಾದಿ ಕೇಳ್ಲಕತ್ತಾಳ್ರಿ, ಇದರಾಗ ಏನ್ ಬರ್ದಾರಂತ” ಅಂದ. ಇಂಗ್ಲಿಷ್ ಅಕ್ಷರ ನೋಡಿ ನಾವು ಸ್ವಲ್ಪ ಹಿಂದೆ ಮುಂದೆ ನೋಡಿದೆವು. ಅದಕ್ಕವನು, “ನಿಮಗ ಅರಬ್ಬಿ ಓದ್ಲಿಕ್ಕ ಬರ್ತದ, ಇದು ಬರಂಗಿಲ್ಲೇನ್ರಿ?” ಅಂತ ಕೇಳಿಬಿಟ್ಟ.

ಕರಾವಳಿಯ ಓದುಗರಿಗೆ ಗೋಗಿ ಹೆಚ್ಚು ಪರಿಚಯ ಇರಲಿಕ್ಕಿಲ್ಲ. ಇದು ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನ ಊರು. ಬಿಜಾಪುರದ ಮೊದಲ ಆದಿಲ್‌ಶಾಹಿ ಸುಲ್ತಾನ ಯೂಸುಫ್ ಆದಿಲ್ ಶಾ ಮಣ್ಣಾಗಿರುವುದು ಇಲ್ಲಿನ ದರ್ಗಾದ ಬಳಿ. ಬಂಟ್ವಾಳ ಕಡೆಯಿಂದ ಬಂದು ಇಲ್ಲಿ ಮಕ್ಕಳಿಗೆ ಕಲಿಸುತ್ತಿರುವ ನಾವು ಓದಿದ್ದು ದೀನಿ ಶಿಕ್ಷಣ ಮತ್ತು ಪಿಯುಸಿ. ವೈದ್ಯರಲ್ಲ. ಆದರೆ ಆ ಸಂಜೆಯ ಚೀಟಿ ನಮ್ಮನ್ನು ಈ ಲೇಖನ ಬರೆಯುವಲ್ಲಿಗೆ ತಂದು ನಿಲ್ಲಿಸಿದೆ.

ಅಜ್ಜಿಗೆ ಕೈಬೆರಳಿನ ಗಂಟುಗಳ ನೋವು. ಹಲವು ವರ್ಷದಿಂದ ಉಂಟು. ದೂರದ ಪಟ್ಟಣದ ಆಸ್ಪತ್ರೆಗೆ ತೋರಿಸಿ ಬಂದು ಆರು ದಿನ ಆಗಿತ್ತು. ಚೀಟಿಯಲ್ಲಿ ಮೂರು ಮಾತ್ರೆ ಬರೆದಿದ್ದರು. ಒಂದರ ಎದುರು ‘ಒ.ಡಿ.’, ಉಳಿದೆರಡರ ಎದುರು ‘ಒ.ಡಬ್ಲ್ಯೂ.’ ಅಂತ ಇತ್ತು. ಹುಡುಗ ಮೊದಲ ಅಕ್ಷರ ಒಂದೇ ಇದೆಯಲ್ಲ ಅಂತ ಎಲ್ಲವನ್ನೂ ದಿನಕ್ಕೊಂದು ಕೊಟ್ಟಿದ್ದ. ಅಜ್ಜಿಗೆ ಬಾಯೆಲ್ಲ ಹುಣ್ಣು, ಖಾರ ಮುಟ್ಟಲಾಗುತ್ತಿರಲಿಲ್ಲ. ಉಷ್ಣ ಆಗಿರಬೇಕು ಅಂತ ಮನೆಯವರು ಮಜ್ಜಿಗೆ ಕುಡಿಸುತ್ತಿದ್ದರು.

ನಮ್ಮ ಅಕ್ಕನ ಮಗ ಮಂಗಳೂರಿನಲ್ಲಿ ಒಂದು ಮೆಡಿಕಲ್‌ನಲ್ಲಿ ಫಾರ್ಮಸಿಸ್ಟ್. ಅವನಿಗೆ ಚೀಟಿಯ ಫೋಟೊ ಕಳಿಸಿದೆವು. ಎರಡೇ ನಿಮಿಷದಲ್ಲಿ ಫೋನ್ ಬಂತು. “ಮಾಮ, ಇದನ್ನು ಅಜ್ಜಿ ದಿನಾ ತಿಂತಾ ಇದ್ದಾರಾ? ಕೂಡಲೇ ನಿಲ್ಲಿಸಲಿಕ್ಕೆ ಹೇಳಿ, ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿ. ಇದು ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ.”

ಸಂಧಿವಾತಕ್ಕೆ ಈ ಔಷಧಿ ಒಳ್ಳೆಯದೇ. ಲಕ್ಷಾಂತರ ಜನ ವಾರಕ್ಕೊಮ್ಮೆ ತೆಗೆದುಕೊಂಡು ಆರಾಮ ಕಂಡಿದ್ದಾರೆ. ಆದರೆ ಅದನ್ನೇ ದಿನಾ ನುಂಗಿದರೆ ಬಾಯಿ, ಕರುಳು ಹುಣ್ಣಾಗುತ್ತದೆ, ರಕ್ತದ ಕಣಗಳು ಕುಸಿಯುತ್ತವೆ, ಸೋಂಕು ಹಿಡಿಯುತ್ತದೆ. ಜೀವ ಹೋದ ಪ್ರಕರಣಗಳು ಲೋಕದ ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿವೆ. ನಮ್ಮ ಅಜ್ಜಿ ಕೆಲವು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು, ಅಲ್‌ಹಮ್ದುಲಿಲ್ಲಾಹ್. ಆದರೆ ಆ ಹುಡುಗ ಅವತ್ತು ಚೀಟಿ ತರದೇ ಇದ್ದಿದ್ದರೆ ಅನ್ನುವ ಯೋಚನೆ ನಮ್ಮನ್ನು ಈಗಲೂ ಬಿಟ್ಟಿಲ್ಲ.

ತಪ್ಪು ಯಾರದ್ದು? ಬರೆದವರು ಬರೆದಿದ್ದಾರೆ, ಕೊಟ್ಟವರು ಕೊಟ್ಟಿದ್ದಾರೆ, ತಿಂದವರು ತಿಂದಿದ್ದಾರೆ. ಮೂವರ ನಡುವೆ ಎರಡು ಅಕ್ಷರ ಬಿದ್ದುಹೋಗಿದೆ. ಹಾಗಾಗಿ ನಾವು ಹೇಳುವುದು ಇಷ್ಟೇ: ದೀರ್ಘಕಾಲದ ನೋವಿನ ರೋಗಿ ಇರುವ ಪ್ರತಿ ಮನೆಯಲ್ಲೂ ಚೀಟಿ ಓದಬಲ್ಲವರು ಒಬ್ಬರಾದರೂ ಬೇಕು. ಓದಲು ಆಗದಿದ್ದರೆ ಕೇಳುವ ಧೈರ್ಯವಾದರೂ ಬೇಕು.

ಸಣ್ಣ ಅಕ್ಷರ, ದೊಡ್ಡ ಅರ್ಥ

ಮದ್ರಸದಲ್ಲಿ ಕಲಿತ ಯಾರಿಗೂ ಇದು ಹೊಸ ವಿಷಯ ಅಲ್ಲ. ಕುರ್‌ಆನಿನ ಸಾಲಿನ ಮೇಲೆ ಪುಟ್ಟದಾಗಿ ‘ಮೀಮ್’ ಇದ್ದರೆ ಅಲ್ಲಿ ನಿಲ್ಲಲೇಬೇಕು, ‘ಲಾ’ ಇದ್ದರೆ ನಿಲ್ಲಬಾರದು, ‘ಜೀಮ್’ ಇದ್ದರೆ ನಿಲ್ಲಬಹುದು. ತಪ್ಪಾದ ಕಡೆ ನಿಂತರೆ ಅರ್ಥವೇ ತಿರುಗಿಹೋಗುತ್ತದೆ ಅಂತ ಏಳು ವರ್ಷದ ಮಗುವಿಗೂ ಕಲಿಸುತ್ತೇವೆ. ಅಂಥ ಗುರುತುಗಳನ್ನು ಕಲಿತ ಸಮುದಾಯಕ್ಕೆ ಔಷಧಿ ಚೀಟಿಯ ಹತ್ತು ಹದಿನೈದು ಗುರುತು ಕಲಿಯುವುದು ಕಷ್ಟವಾ?

ಮೊದಲು ಹೊತ್ತಿನ ಗುರುತುಗಳು. ಇವುಗಳಲ್ಲಿ ಹೆಚ್ಚಿನವು ಲ್ಯಾಟಿನ್ ಭಾಷೆಯ ತುಂಡುಗಳು. ಒ.ಡಿ. ಅಂದರೆ ದಿನಕ್ಕೆ ಒಂದು ಸಲ. ಬಿ.ಡಿ. ಅಂದರೆ ಎರಡು ಸಲ, ನಮ್ಮ ಉಮ್ಮಂದಿರು ಸುತ್ತುವ ಬೀಡಿ ಅಲ್ಲ. ಟಿ.ಡಿ.ಎಸ್. ಅಂದರೆ ಮೂರು ಸಲ, ಬ್ಯಾಂಕಿನವರು ಹಿಡಿಯುವ ಟಿ.ಡಿ.ಎಸ್. ಬೇರೆ. ಕ್ಯೂ.ಐ.ಡಿ. ನಾಲ್ಕು ಸಲ. ಎಚ್.ಎಸ್. ರಾತ್ರಿ ಮಲಗುವಾಗ. ಎ.ಸಿ. ಊಟಕ್ಕೆ ಮೊದಲು, ಪಿ.ಸಿ. ಊಟ ಆದ ಮೇಲೆ. ಒ.ಡಬ್ಲ್ಯೂ. ವಾರಕ್ಕೆ ಒಂದು ಸಲ. 1-0-1 ಅಂತ ಬರೆದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು.

ಒಂದೇ ಗುರುತಿಗೆ ಎರಡು ಅರ್ಥವೂ ಉಂಟು. ಕಣ್ಣಿನ ಡಾಕ್ಟರ ಚೀಟಿಯಲ್ಲಿ ಒ.ಡಿ. ಅಂದರೆ ಬಲಗಣ್ಣು. ಪಿ.ಟಿ. ಅಂತ ಬರೆದರೆ ಒಂದು ಕಡೆ ಫಿಸಿಯೊಥೆರಪಿ, ಇನ್ನೊಂದು ಕಡೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ಹಾಗಾಗಿ ಗುರುತು ಕಲಿತರೆ ಮುಗಿಯಲಿಲ್ಲ, ಖಾತ್ರಿ ಮಾಡಿಕೊಳ್ಳಬೇಕು.

ನೋವಿನ ರೋಗಿಗಳನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ಎಸ್.ಒ.ಎಸ್. ಇದರ ಅರ್ಥ ‘ಬೇಕೆನಿಸಿದರೆ ಮಾತ್ರ’. ನೋವು ತಡೆಯಲಾಗದಿದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಬೇಡ ಅಂತ. ನಮ್ಮವರು ಅದನ್ನು ಕಾಫಿ ತಿಂಡಿಯ ಹಾಗೆ ದಿನಾ ಎರಡು ಹೊತ್ತು ನುಂಗುತ್ತಾರೆ. ಐದು ವರ್ಷದ ಹಿಂದಿನ ಚೀಟಿಯನ್ನೇ ಮೆಡಿಕಲ್‌ಗೆ ತೋರಿಸುವವರಿದ್ದಾರೆ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆಗಳ ಗುಂಪಿಗೆ ಡಾಕ್ಟರುಗಳು ಎನ್.ಎಸ್.ಎ.ಐ.ಡಿ. ಅನ್ನುತ್ತಾರೆ. ಇವು ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಕಿಡ್ನಿಗೆ ಪೆಟ್ಟು ಕೊಡಬಹುದು, ಬಿ.ಪಿ. ಏರಿಸಬಹುದು. ಶುಗರ್, ಬಿ.ಪಿ. ಇದ್ದವರಿಗೆ ಅಪಾಯ ಇನ್ನೂ ಹೆಚ್ಚು.

ಪಿ.ಸಿ.ಎಂ. ಅಂದರೆ ಪ್ಯಾರಾಸಿಟಮಾಲ್. ಅನೇಕ ನೋವಿನ ಮಾತ್ರೆಗಳಲ್ಲಿ ಇದೂ ಬೆರೆತಿರುತ್ತದೆ. ನೋವಿಗೆ ಒಂದು, ಜ್ವರಕ್ಕೆ ಒಂದು, ತಲೆನೋವಿಗೆ ಒಂದು ಅಂತ ಬೇರೆ ಬೇರೆ ಹೆಸರಿನ ಮಾತ್ರೆ ತಿನ್ನುವವರು ಒಂದೇ ಔಷಧಿಯನ್ನು ಮೂರು ಪಟ್ಟು ತಿನ್ನುತ್ತಿರಬಹುದು. ದೊಡ್ಡವರಿಗೂ ಅದು ದಿನಕ್ಕೆ 4 ಗ್ರಾಂ ದಾಟಬಾರದು, ದಾಟಿದರೆ ಲಿವರ್‌ಗೆ ಕುತ್ತು. ವಯಸ್ಸಾದವರಿಗೆ, ಲಿವರ್ ದುರ್ಬಲ ಇದ್ದವರಿಗೆ ಡಾಕ್ಟರು ಅದಕ್ಕಿಂತ ಕಡಿಮೆಯೇ ಹೇಳುತ್ತಾರೆ.

ಕಾಯಿಲೆಯ ಹೆಸರು ಗೊತ್ತಿರಲಿ

“ನಿಮಗೆ ಏನು ಕಾಯಿಲೆ ಅಂತ ಹೇಳಿದ್ದಾರೆ?” ಅಂತ ಕೇಳಿದರೆ ನಮ್ಮ ಹೆಂಗಸರು “ಗಂಟುನೋವು” ಅಂದು ಸುಮ್ಮನಾಗುತ್ತಾರೆ. ಆದರೆ ಚೀಟಿಯಲ್ಲಿ ಒ.ಎ. ಅಂತ ಇದ್ದರೆ ಅದು ಸವೆತದ ನೋವು, ನಡೆದಷ್ಟೂ ಹೆಚ್ಚು, ಕೂತರೆ ಕಡಿಮೆ. ಆರ್.ಎ. ಅಂತ ಇದ್ದರೆ ಸಂಧಿವಾತ. ದೇಹದ ರಕ್ಷಣಾ ವ್ಯವಸ್ಥೆ ತನ್ನ ಗಂಟುಗಳ ಮೇಲೆಯೇ ತಿರುಗಿಬೀಳುವ ಕಾಯಿಲೆ ಅದು. ಬೆಳಿಗ್ಗೆ ಎದ್ದಾಗ ಎರಡೂ ಕೈಯ ಬೆರಳು ತುಂಬಾ ಹೊತ್ತು ಬಿಗಿದುಕೊಂಡಿರುತ್ತವೆ. ಎರಡನ್ನೂ ನಾವು ಗಂಟುನೋವು ಅಂತಲೇ ಕರೆಯುತ್ತೇವೆ, ಆದರೆ ಚಿಕಿತ್ಸೆ ಬೇರೆ ಬೇರೆ. ಒ.ಎ. ಇರುವ ಪಕ್ಕದ ಮನೆಯವರು ಆರ್.ಎ. ಇರುವವರ ಮಾತ್ರೆ ಕಡ ತಂದು ತಿಂದರೆ ಆಗುವುದು ಅನಾಹುತ.

ಎ.ಎಸ್. ಬೆನ್ನುಮೂಳೆ ಬಿಗಿಯುವ ಕಾಯಿಲೆ. ಹೆಚ್ಚಾಗಿ ಹರೆಯದಲ್ಲೇ ಶುರುವಾಗುತ್ತದೆ. ಮಲಗಿದರೆ ನೋವು ಹೆಚ್ಚು, ಓಡಾಡಿದರೆ ಕಡಿಮೆ. ಪಿ.ಐ.ವಿ.ಡಿ. ಅಂದರೆ ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿದೆ ಅಂತ. ಎಲ್4-ಎಲ್5 ಅನ್ನುವುದು ಸೊಂಟದ ನಾಲ್ಕನೇ, ಐದನೇ ಮೂಳೆಯ ನಡುವಿನ ಜಾಗ. ಡಿ.ಪಿ.ಎನ್. ಅಂದರೆ ಶುಗರಿನಿಂದ ನರ ಹಾಳಾಗಿ ಪಾದ ಉರಿಯುವುದು. ಬಿ/ಎಲ್ ಅಂದರೆ ಎರಡೂ ಬದಿ.

ಪರೀಕ್ಷೆಯ ಹೆಸರಿಗೂ ಹೀಗೆ. ಇ.ಎಸ್.ಆರ್., ಸಿ.ಆರ್.ಪಿ. ದೇಹದೊಳಗೆ ಉರಿಯೂತ ಎಷ್ಟು ಉಂಟು ಅಂತ ಹೇಳುತ್ತವೆ, ಯಾಕೆ ಅಂತ ಹೇಳುವುದಿಲ್ಲ. ಆರ್.ಎ. ಫ್ಯಾಕ್ಟರ್ ಪಾಸಿಟಿವ್ ಬಂದ ಮಾತ್ರಕ್ಕೆ ಸಂಧಿವಾತ ಅಂತ ಆಗಲಿಲ್ಲ, ನೆಗೆಟಿವ್ ಬಂದ ಮಾತ್ರಕ್ಕೆ ಇಲ್ಲ ಅಂತಲೂ ಆಗಲಿಲ್ಲ. ಎಂ.ಆರ್.ಐ. ರಿಪೋರ್ಟಿನಲ್ಲಿ ‘ಡಿಜೆನೆರೇಟಿವ್ ಚೇಂಜಸ್’ ಅಂತ ನೋಡಿ ಮನೆಯವರೆಲ್ಲ ಹೆದರಿ ಅಳುವುದುಂಟು. ಅದು ಸವೆತದ ಬದಲಾವಣೆ. ಕೂದಲು ನರೆತ ಹಾಗೆ, ನೋವೇ ಇಲ್ಲದ ನಡುವಯಸ್ಸಿನವರಲ್ಲೂ ಸಾಮಾನ್ಯ.

ಇನ್ನೊಂದು ಬದಿಯೂ ಉಂಟು. ಡಬ್ಲ್ಯೂ.ಎನ್.ಎಲ್. ಅಥವಾ ಎನ್.ಎ.ಡಿ. ಅಂತ ಬರೆದಿದ್ದರೆ ಪರೀಕ್ಷೆಯಲ್ಲಿ ದೋಷ ಕಂಡಿಲ್ಲ ಅಂತ ಅರ್ಥ. ನೋವು ಸುಳ್ಳು ಅಂತ ಅರ್ಥ ಅಲ್ಲ. “ರಿಪೋರ್ಟ್ ಎಲ್ಲ ಸರಿ ಉಂಟು, ಇವಳದ್ದು ಕೆಲಸ ತಪ್ಪಿಸುವ ನಾಟಕ” ಅಂತ ಎಷ್ಟು ಮನೆಗಳಲ್ಲಿ ಸೊಸೆಯಂದಿರು, ಮುದುಕಿಯರು ಮಾತು ಕೇಳಿಲ್ಲ? ನೋವಿನ ಕುರಿತ ಅಂತಾರಾಷ್ಟ್ರೀಯ ವೈದ್ಯಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿ ಬರೆಯುವಾಗ, ನೋವು ಉಂಟು ಅಂತ ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಅಂತಲೇ ಸೇರಿಸಿದೆ. ಮೂರು ತಿಂಗಳಿಗಿಂತ ಹೆಚ್ಚು ಉಳಿದ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಅಂತ ಕರೆಯುತ್ತಾರೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಅದಕ್ಕೆ ತನ್ನದೇ ಜಾಗ ಸಿಕ್ಕಿದೆ.

ನಾವಿರುವ ಈ ಭಾಗದಲ್ಲಿ ಇನ್ನೊಂದು ಪದ ಎಲ್ಲರಿಗೂ ಗೊತ್ತಿರಬೇಕು: ಫ್ಲೋರೋಸಿಸ್. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದ ಕಡೆ 1.5ರವರೆಗೆ ಅಂತ ನಿಯಮ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಕುತ್ತಿಗೆ, ಬೆನ್ನು, ಮೊಣಕಾಲು ಬಿಗಿದು ನೋಯುತ್ತವೆ. ಗದ್ದವನ್ನು ಎದೆಗೆ ತಾಗಿಸಲು, ಮಂಡಿ ಮಡಚದೆ ಬಗ್ಗಿ ನೆಲದ ನಾಣ್ಯ ಎತ್ತಲು ಆಗುವುದಿಲ್ಲ. ಇದನ್ನು ವಯಸ್ಸಿನ ವಾತ ಅಂದುಕೊಂಡು ನೋವಿನ ಮಾತ್ರೆ ನುಂಗಿದರೆ ಏನು ಪ್ರಯೋಜನ? ಮೊದಲು ಬದಲಾಗಬೇಕಾದದ್ದು ನೀರು. ಆ ಒಂದು ಪದ ಗೊತ್ತಿದ್ದರೆ ಡಾಕ್ಟರಲ್ಲಿ ಕೇಳಬಹುದು, ಪಂಚಾಯತಿಯಲ್ಲಿ ನೀರಿನ ಪರೀಕ್ಷೆ ಕೇಳಬಹುದು.

ನಮ್ಮ ಮಾತೂ ಡಾಕ್ಟರಿಗೆ ಬೇಕು

ಡಾಕ್ಟರ ಭಾಷೆ ನಮಗೆ ತಿಳಿಯಬೇಕು ಅಂದ ಹಾಗೆ ನಮ್ಮ ಭಾಷೆ ಅವರಿಗೂ ತಿಳಿಯಬೇಕು. ಕರಾವಳಿಯಲ್ಲಿ ಎಲ್ಲದಕ್ಕೂ ‘ಬೇನೆ’ ಅಂದುಬಿಡುತ್ತೇವೆ, ಇಲ್ಲಿಯವರು ‘ಬ್ಯಾನಿ’ ಅನ್ನುತ್ತಾರೆ. ಆದರೆ ಇಲ್ಲಿ ಬತ್ತದ ಗದ್ದೆಯಲ್ಲಿ ನಾಟಿ ಮಾಡುವ, ಹತ್ತಿ ಬಿಡಿಸುವ ಹೆಂಗಸರು ಹೇಳುವುದನ್ನು ಕೇಳಿ: ಸೆಳೀತದ, ಚುಚ್ತದ, ಉರೀತದ, ಜುಂ ಅಂತದ. ಇವೆಲ್ಲ ಬೇರೆ ಬೇರೆ ನೋವು. ಉರಿ, ಜೋಮು, ಕರೆಂಟ್ ಹೊಡೆದ ಹಾಗೆ ಅಂದರೆ ಡಾಕ್ಟರು ನರದ ಕಡೆ ಯೋಚಿಸುತ್ತಾರೆ. ಬಾವು, ಬೆಳಗಿನ ಬಿಗಿತ ಅಂದರೆ ಗಂಟಿನ ಕಡೆ. ದಿನವಿಡೀ ಬಗ್ಗಿ ಕೂತು ಬೀಡಿ ಸುತ್ತುವ ನಮ್ಮ ತಾಯಂದಿರು ಕುತ್ತಿಗೆಯ ಯಾವ ಜಾಗ, ಎಷ್ಟು ಹೊತ್ತಿಗೆ, ಯಾವ ಕೆಲಸ ಮಾಡುವಾಗ ಅಂತ ಬಿಡಿಸಿ ಹೇಳಿದರೆ ಅರ್ಧ ಪರೀಕ್ಷೆ ಮುಗಿದ ಹಾಗೆ.

“ಸೊನ್ನೆಯಿಂದ ಹತ್ತರಲ್ಲಿ ನೋವು ಎಷ್ಟು?” ಅಂತ ಕೇಳುತ್ತಾರೆ. ಸೊನ್ನೆ ಅಂದರೆ ನೋವಿಲ್ಲ, ಹತ್ತು ಅಂದರೆ ಊಹಿಸಬಹುದಾದ ಅತಿ ದೊಡ್ಡ ನೋವು. ಮುಲಾಜಿಗೆ ಎರಡು ಅನ್ನುವುದೂ ಬೇಡ, ಬೇಗ ನೋಡಲಿ ಅಂತ ಹತ್ತು ಅನ್ನುವುದೂ ಬೇಡ. ರುಕೂ ಮಾಡಲು ಆಗುತ್ತದಾ, ಸುಜೂದಿನಿಂದ ಏಳಲು ಆಗುತ್ತದಾ, ರಾತ್ರಿ ನಿದ್ದೆ ಬರುತ್ತದಾ ಅಂತ ಜೊತೆಗೆ ಹೇಳಿ. ಅದು ಎಲ್ಲ ಅಂಕಿಗಿಂತ ಸ್ಪಷ್ಟ.

ಭಾಷೆ ತಿಳಿಯದೆ ಆಗುವ ಇನ್ನೊಂದು ನಷ್ಟ ಹೇಳಬೇಕು. ನರದ ನೋವಿಗೆ ಅಮಿಟ್ರಿಪ್ಟಿಲಿನ್ ಎಂಬ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಮೂಲತಃ ಅದು ಖಿನ್ನತೆಯ ಔಷಧಿ. ಯಾರೋ ಮೊಬೈಲಿನಲ್ಲಿ ನೋಡಿ “ಇದು ಮಂಡೆ ಸರಿಯಿಲ್ಲದವರ ಮಾತ್ರೆ” ಅನ್ನುತ್ತಾರೆ. ಮರುದಿನದಿಂದ ಮಾತ್ರೆ ಕಸದ ಬುಟ್ಟಿಗೆ, ನೋವು ಇದ್ದಲ್ಲೇ. ಇನ್ನು ಕೆಲವರು ಹಳ್ಳಿಯಲ್ಲಿ ಸಿಗುವ ಇಂಜೆಕ್ಷನ್ ಒಂದೇ ದಿನದಲ್ಲಿ ನೋವು ತೆಗೆಯಿತು ಅಂತ ತಿಂಗಳು ತಿಂಗಳು ಚುಚ್ಚಿಸಿಕೊಳ್ಳುತ್ತಾರೆ. ಏನು ಕೊಟ್ಟರು ಅಂತ ಕೇಳುವುದಿಲ್ಲ. ಡೆಕ್ಸಾ, ಪ್ರೆಡ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಬೇಕಾದ ಕಾಯಿಲೆಗೆ ಅದು ಬೇಕೇ ಬೇಕು. ಆದರೆ ಲೆಕ್ಕವಿಲ್ಲದೆ ತೆಗೆದುಕೊಂಡರೆ ಮುಖ ಊದುತ್ತದೆ, ಶುಗರ್ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ತುಂಬಾ ದಿನ ತೆಗೆದುಕೊಂಡವರು ತಟ್ಟನೆ ನಿಲ್ಲಿಸುವುದೂ ಅಪಾಯ.

ರಮಝಾನಿನಲ್ಲಿ ಈ ಗುರುತುಗಳು ಇನ್ನೂ ಮುಖ್ಯ. ಒ.ಡಿ., ಬಿ.ಡಿ. ಮಾತ್ರೆಗಳನ್ನು ಅನೇಕರಿಗೆ ಇಫ್ತಾರ್ ಮತ್ತು ಸಹರಿಗೆ ಹೊಂದಿಸಿ ಕೊಡಬಹುದು. ಟಿ.ಡಿ.ಎಸ್. ಇದ್ದರೆ ಏನು ಮಾಡುವುದು? ಮೂರನ್ನೂ ಇಫ್ತಾರಿನ ನಂತರ ಒಟ್ಟಿಗೆ ನುಂಗುವವರನ್ನು ನಾವು ಕಂಡಿದ್ದೇವೆ. ದಯವಿಟ್ಟು ಬೇಡ. ತಿಂಗಳು ಮೊದಲೇ ಡಾಕ್ಟರಲ್ಲಿ ಕೇಳಿ, ಅವರು ಬೇರೆ ಔಷಧಿ ಅಥವಾ ಬೇರೆ ಹೊತ್ತು ಹೇಳುತ್ತಾರೆ. ಉಪವಾಸ ಆಗದು ಅಂತ ಹೇಳಿದರೆ ರೋಗಿಗೆ ರಿಯಾಯಿತಿ ಕೊಟ್ಟಿರುವುದು ದೀನೇ. ಅದನ್ನು ಸ್ವೀಕರಿಸುವುದಕ್ಕೆ ನಾಚಿಕೆ ಯಾಕೆ?

ಕೇಳುವುದು ಬೇಅದಬಿ ಅಲ್ಲ

“ಅರ್ಧ ಕಲಿತರೆ ಅಪಾಯ, ಡಾಕ್ಟರು ಹೇಳಿದ್ದು ನುಂಗಿದರೆ ಸಾಕು” ಅಂತ ಕೆಲವರು ಹೇಳಬಹುದು. ನಮಗೂ ಆ ಭಯ ಉಂಟು. ಚೀಟಿ ಓದಲು ಕಲಿತವರು ತಾವೇ ಡಾಕ್ಟರಾಗಿ ವಾಟ್ಸಪ್‌ನಲ್ಲಿ ಔಷಧಿ ಹೇಳಿದರೆ ಅದು ಇನ್ನೊಂದು ಫಿತ್ನ. ಆದರೆ ನಾವು ಹೇಳುತ್ತಿರುವುದು ಔಷಧಿ ಬರೆಯುವುದನ್ನಲ್ಲ. ಬರೆದದ್ದನ್ನು ಬರೆದ ಹಾಗೆಯೇ ತೆಗೆದುಕೊಳ್ಳುವುದನ್ನು. ಗೋಗಿಯ ಆ ಅಜ್ಜಿಯ ಮನೆಯವರು ಡಾಕ್ಟರ ಮಾತು ಮೀರಿರಲಿಲ್ಲ. ಆ ಮಾತು ಅವರಿಗೆ ತಲುಪಿಯೇ ಇರಲಿಲ್ಲ.

ನಿಯಮ ಕೂಡ ನಮ್ಮ ಕಡೆ ಉಂಟು. ವೈದ್ಯರ ನಡವಳಿಕೆಯ 2002ರ ನಿಯಮಾವಳಿಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ ಔಷಧಿಯ ಮೂಲ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ರೋಗಿ ತನ್ನ ವೈದ್ಯಕೀಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತಲೂ ಅದೇ ನಿಯಮಾವಳಿಯಲ್ಲಿ ಉಂಟು. ಒಂದು ದಿನಕ್ಕೆ ನೂರಾರು ರೋಗಿ ನೋಡುವ ಸರ್ಕಾರಿ ಡಾಕ್ಟರ ಕಷ್ಟ ನಮಗೆ ಗೊತ್ತು. ಆದರೂ ವಾರಕ್ಕೊಮ್ಮೆಯ ಮಾತ್ರೆಯ ಎದುರು ‘ಭಾನುವಾರ ಮಾತ್ರ’ ಅಂತ ಕನ್ನಡದಲ್ಲಿ ಎರಡು ಪದ ಬರೆಯಲು ಎಷ್ಟು ಹೊತ್ತು ಬೇಕು?

ಮನೆಯಲ್ಲಿ ನಾವು ಮಾಡಬಹುದಾದದ್ದೂ ಉಂಟು. ಚೀಟಿ, ರಿಪೋರ್ಟುಗಳನ್ನು ತಾರೀಕಿನ ಪ್ರಕಾರ ಒಂದು ಫೈಲಿನಲ್ಲಿಡಿ. ಮೆಡಿಕಲ್‌ನಲ್ಲಿ ಬಿಲ್ ಕೇಳಿ. ಮಾತ್ರೆಯ ಪಟ್ಟಿ ಕತ್ತರಿಸುವಾಗ ಹೆಸರು, ತಾರೀಕು ಉಳಿಯುವ ಹಾಗೆ ಕತ್ತರಿಸಲು ಹೇಳಿ. ಕೌಂಟರ್ ಬಿಡುವ ಮೊದಲು ಮೂರು ಪ್ರಶ್ನೆ: ಇದು ಯಾವುದಕ್ಕೆ, ದಿನಕ್ಕೆ ಎಷ್ಟು, ಎಷ್ಟು ದಿನ? ಅವರು ಹೇಳಿದ್ದನ್ನು ನೀವು ತಿರುಗಿ ಹೇಳಿ ಒಪ್ಪಿಸಿ. ಮಕ್ಕಳು ಉಸ್ತಾದರಿಗೆ ಪಾಠ ಒಪ್ಪಿಸುವ ಹಾಗೆ.

ಜಮಾಅತುಗಳಿಗೂ ಒಂದು ಮಾತು. ಆಂಬುಲೆನ್ಸ್ ಕೊಂಡಿದ್ದೇವೆ, ರಕ್ತದಾನ ಶಿಬಿರ ಮಾಡುತ್ತೇವೆ, ಒಳ್ಳೆಯದು. ನಮ್ಮ ಸಮುದಾಯದಲ್ಲಿ ಈಗ ಫಾರ್ಮಸಿ, ನರ್ಸಿಂಗ್ ಕಲಿತ ಹುಡುಗ ಹುಡುಗಿಯರು ಕಡಿಮೆ ಇಲ್ಲ. ತಿಂಗಳಿಗೆ ಒಂದು ಗಂಟೆ ಮದ್ರಸದ ಕೋಣೆಯಲ್ಲಿ ಅವರನ್ನು ಕೂರಿಸಿ. ಹೆಂಗಸರಿಗೆ ಬೇರೆ ಹೊತ್ತು ಕೊಡಿ. ಚೀಟಿ ತಂದವರಿಗೆ ಓದಿ ಹೇಳಲಿ, ಮಾತ್ರೆಯ ಡಬ್ಬಿ ಮೇಲೆ ಅವರಿಗೆ ತಿಳಿಯುವ ಭಾಷೆಯಲ್ಲಿ ಹೊತ್ತು ಬರೆದು ಕೊಡಲಿ. ಸಂಶಯ ಇದ್ದರೆ ಬರೆದ ಡಾಕ್ಟರಿಗೇ ಫೋನ್ ಮಾಡಲಿ. ಖರ್ಚು ಒಂದು ಪೆನ್ನಿನದ್ದು.

ಗೋಗಿಯಲ್ಲಿ ನಾವು ಮದ್ರಸದ ದೊಡ್ಡ ಮಕ್ಕಳಿಗೆ ಗುರುವಾರ ಹದಿನೈದು ನಿಮಿಷ ಈ ಗುರುತು ಕಲಿಸಲು ಶುರು ಮಾಡಿದ್ದೇವೆ. ಅಜ್ಜಿಗೆ ಡಾಕ್ಟರು ಈಗ ಬೇರೆ ಔಷಧಿ ಕೊಟ್ಟಿದ್ದಾರೆ. ಮೊಮ್ಮಗ ಡಬ್ಬಿಯ ಮೇಲೆ ಉರ್ದುವಿನಲ್ಲಿ ‘ಸುಬಹ್’, ‘ಶಾಮ್’ ಅಂತ ಬರೆದು ಅಂಟಿಸಿದ್ದಾನೆ. ಮೊನ್ನೆ ಹೋಗಿ ನೋಡಿದಾಗ ಅಜ್ಜಿ ಡಬ್ಬಿ ತೋರಿಸಿ, “ಈಗ ನನಗೂ ಓದ್ಲಿಕ್ಕ ಬರ್ತದ ಹಜರತ್” ಅಂತ ನಕ್ಕರು.

ನಿಮ್ಮ ಮನೆಯಲ್ಲಿ ಔಷಧಿ ಚೀಟಿ ಎಲ್ಲುಂಟು? ಇವತ್ತು ಒಮ್ಮೆ ತೆಗೆದು ಓದಿ ನೋಡಿ.